ಮೂರು ಕಡತ, ಒಂದು ಗ್ರಂಥಾಲಯ: ಬೇಸ್ ತಂತ್ರಾಂಶವನ್ನು ಹೊರಗಿನ ದತ್ತಾಂಶಕ್ಕೆ ಜೋಡಿಸಿದ ಒಂದು ಪ್ರಕರಣ

ಮಂಜೇಶ್ವರ ತಾಲೂಕಿನ ಒಂದು ಹಳ್ಳಿಯ ಗ್ರಂಥಾಲಯದಲ್ಲಿ ನಡೆದ ಕೆಲಸದ ದಾಖಲೆ ಇದು. ಊರಿನ ಹೆಸರು ಹೇಳುವುದಿಲ್ಲ. ಜನರ ಗುರುತನ್ನೂ ಪುಸ್ತಕಗಳ ನಂಬ್ರಗಳನ್ನೂ ಬದಲಾಯಿಸಿದ್ದೇನೆ. ತಾಂತ್ರಿಕ ಸಂಗತಿಗಳು ಮಾತ್ರ ನಡೆದದ್ದು ನಡೆದ ಹಾಗೆಯೇ ಇವೆ. ಸಣ್ಣ ಸಂಸ್ಥೆಗಳಲ್ಲಿ ಲಿಬ್ರೆ ಆಫೀಸ್ ಬೇಸ್ ಅಥವಾ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ತಂತ್ರಾಂಶ (ಮಾಹಿತಿಯನ್ನು ಟೇಬಲ್ಲುಗಳಲ್ಲಿಟ್ಟು ಹುಡುಕಲು ಬಳಸುವಂಥದ್ದು) ಇಟ್ಟುಕೊಂಡು ಲೆಕ್ಕಪತ್ರ ನೋಡುವವರು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರು ನಾನು ಬಿದ್ದ ಗುಂಡಿಗೆ ಬೀಳದಿರಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ಗ್ರಂಥಾಲಯ ಹಳೆಯದು. ಅದರ ಮೊದಲ ದಾಖಲೆ ಪುಸ್ತಕ ಶುರುವಾದಾಗ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿತು. ಬಳಿಕ ಕಣ್ಣೂರು ಜಿಲ್ಲೆಯಾಯಿತು, 1984ರ ಮೇ 24ರಿಂದ ಕಾಸರಗೋಡು ಜಿಲ್ಲೆ. ಪುಸ್ತಕ ಕೊಟ್ಟ ದಾನಿಗಳ ವಿಳಾಸದ ಕಾಲಂ ಓದುತ್ತಾ ಹೋದರೆ ಮನೆ ಅದೇ, ಅಂಚೆ ಅದೇ, ಜಿಲ್ಲೆ ಮಾತ್ರ ಮೂರು. ಕಪಾಟುಗಳಲ್ಲಿ ಹೆಚ್ಚಿನದ್ದು ಕನ್ನಡ, ಉಳಿದದ್ದು ಮಲಯಾಳಂ. ಒಂದು ಮೂಲೆಯಲ್ಲಿ ತುಳು ಮತ್ತು ಇಂಗ್ಲಿಷ್.

ಗ್ರಂಥಾಲಯದ ಅಧ್ಯಕ್ಷರು ನಿವೃತ್ತ ಅಧ್ಯಾಪಕರು, ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು. ಇಲ್ಲಿ ಅವರನ್ನು ಮಾಷ್ಟ್ರು ಎಂದಷ್ಟೇ ಕರೆಯುತ್ತೇನೆ. ಪುಸ್ತಕ ಕೊಡುವ, ವಾಪಸು ಪಡೆಯುವ ಕೆಲಸ ಗ್ರಂಥಪಾಲಕಿ ಅಕ್ಕನದ್ದು. ಮಲಯಾಳಂ ವಿಭಾಗವನ್ನು ನೋಡುವ ಯುವಕ ಪೇಟೆಯಲ್ಲಿ ಕೆಲಸಕ್ಕಿದ್ದಾನೆ. ಹೊಸ ಪುಸ್ತಕಗಳ ಪಟ್ಟಿಯನ್ನು ಅವನು ಟೈಪ್ ಮಾಡುವುದು ರಾತ್ರಿ, ಮನೆಯಲ್ಲಿ, ತನ್ನ ಲ್ಯಾಪ್‌ಟಾಪಿನಲ್ಲಿ.

ಮಾಹಿತಿ ಮೂರು ಕಡೆ ಹಂಚಿಹೋಗಿತ್ತು. ಹಳೆಯ ಕನ್ನಡ ಪುಸ್ತಕಗಳ ಪಟ್ಟಿ ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದ ಕಾಲದ ಒಂದು ಡಿಬಿಎಫ್ ಫೈಲಿನಲ್ಲಿತ್ತು, ನುಡಿ ಎಂಬ ಕನ್ನಡ ಫಾಂಟಿನ ಅಕ್ಷರಗಳಲ್ಲಿ. ಆಮೇಲೆ ಬಂದ ಪುಸ್ತಕಗಳೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ, ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯುನಿಕೋಡಿನಲ್ಲಿ. ಸದಸ್ಯರ ಪಟ್ಟಿ ಮತ್ತು ಎರವಲು ಲೆಕ್ಕ ಮಾತ್ರ ಬೇಸ್‌ನಲ್ಲಿ. ಈ ಕೊನೆಯದನ್ನು ಮಾಡಿಕೊಟ್ಟದ್ದು ನಾನೇ. ಬೇಸ್ ಆರಿಸಿದ್ದಕ್ಕೆ ಕಾರಣವಿತ್ತು. ಕೇರಳದ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಉಬುಂಟು ಆಧಾರಿತ ವ್ಯವಸ್ಥೆ, ಲಿಬ್ರೆ ಆಫೀಸ್ ಇರುವುದರಿಂದ ಊರಿನ ಮಕ್ಕಳಿಗೆಲ್ಲ ಅದರ ಮುಖಪರಿಚಯ ಇದೆ. ಅಕ್ಕನಿಗೆ ಸಹಾಯ ಬೇಕಾದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದರೂ ಆಗುತ್ತದೆ. ಆ ಆಯ್ಕೆ ಸರಿಯೇ ಇತ್ತು. ತಪ್ಪಿದ್ದು ಬೇರೆ ಕಡೆ.

ಒಂದು ಸಂಜೆಯ ಕರೆಂಟು

ಜೂನ್ ಎರಡನೇ ವಾರ. ಮಳೆ ಹಿಡಿದಿತ್ತು. ಜೂನ್ 19 ಕೇರಳದಲ್ಲಿ ವಾಚನಾ ದಿನ, ಗ್ರಂಥಾಲಯ ಚಳವಳಿಯ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನದ ನೆನಪಿಗೆ ಆಚರಿಸುವುದು. ಅದಕ್ಕೆ ಮುಂಚೆ ಬಾಕಿ ಪುಸ್ತಕಗಳ ಲೆಕ್ಕ ಸರಿಮಾಡಬೇಕೆಂದು ಅಕ್ಕ ಮಧ್ಯಾಹ್ನದಿಂದ ಕೂತು ವಾಪಸು ಬಂದ ಪುಸ್ತಕಗಳನ್ನು ಒಂದೊಂದೇ ನಮೂದಿಸಿದ್ದರು. ಸಂಜೆ ಗುಡುಗಿಗೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟು ಬಂದ ಮೇಲೆ ಫೈಲು ತೆರೆದರೆ ಅದು ನಿನ್ನೆ ಸಂಜೆಯ ಸ್ಥಿತಿಯಲ್ಲಿತ್ತು.

"ನಾನು ಒಂದೊಂದು ಸಾಲಿಗೂ ಸೇವ್ ಒತ್ತಿದ್ದೇನೆ, ಮತ್ತೆ ಹೇಗೆ ಹೋದದ್ದು?" ಎಂದು ಅಕ್ಕ ಫೋನಿನಲ್ಲಿ ಕೇಳಿದಾಗ ಅವರ ದನಿ ನಡುಗುತ್ತಿತ್ತು. ಅವರು ಒತ್ತಿದ್ದು ನಿಜ. ಬೇಸ್‌ನಲ್ಲಿ ಡೇಟಾಬೇಸನ್ನು ಫೈಲಿನ ಒಳಗೇ ಇಡುವ ಎಂಬೆಡೆಡ್ ವಿಧಾನ ಒಂದಿದೆ. ಅದರಲ್ಲಿ ಓಡಿಬಿ ಫೈಲು, ಅಂದರೆ ಬೇಸ್ ಉಳಿಸುವ ಫೈಲು, ಎಂದರೆ ಒಂದು ಜಿಪ್ ಪೊಟ್ಟಣ. ತೆರೆದಾಗ ಒಳಗಿನ ಡೇಟಾಬೇಸನ್ನು ಬಿಚ್ಚಿಟ್ಟುಕೊಂಡು ಕೆಲಸ ನಡೆಯುತ್ತದೆ. ಫಾರ್ಮಿನಲ್ಲಿ ಒಂದು ಸಾಲನ್ನು ಸೇವ್ ಮಾಡಿದರೆ ಅದು ಬಿಚ್ಚಿಟ್ಟ ಡೇಟಾಬೇಸಿಗೆ ಹೋಗುತ್ತದೆ, ಅಷ್ಟೆ. ಪೊಟ್ಟಣವನ್ನು ಮತ್ತೆ ಕಟ್ಟುವುದು ಮುಖ್ಯ ಕಿಟಕಿಯಲ್ಲಿ ಫೈಲನ್ನು ಸೇವ್ ಮಾಡಿದಾಗ ಅಥವಾ ಮುಚ್ಚಿದಾಗ. ಎರಡು ಸೇವ್‌ಗಳೂ ನೋಡಲು ಒಂದೇ ತರಹ. ಅಕ್ಕನಿಗೆ ಈ ವ್ಯತ್ಯಾಸವನ್ನು ನಾನು ಹೇಳಿಕೊಟ್ಟಿರಲಿಲ್ಲ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿಗೆ ಆ ವಿಧಾನವನ್ನು ಕೊಟ್ಟದ್ದೇ ನನ್ನ ತಪ್ಪು.

ಅವಸರದ ಎರಡು ಪ್ರಯತ್ನ

ಮಾಹಿತಿಯನ್ನು ಓಡಿಬಿಯಿಂದ ಹೊರಗಿಡಬೇಕು ಎಂಬುದು ಅಂದೇ ಸ್ಪಷ್ಟವಾಯಿತು. ಆಗ ಸುಲಭವಾಗಿ ತೋಚಿದ್ದು ಸ್ಪ್ರೆಡ್‌ಶೀಟಿಗೇ ನೇರ ಜೋಡಿಸುವುದು. ಬೇಸ್‌ನಲ್ಲಿ ಹೊಸ ಫೈಲು ಮಾಡುವಾಗ "ಈಗಾಗಲೇ ಇರುವ ಡೇಟಾಬೇಸಿಗೆ ಜೋಡಿಸು" ಎಂಬ ಆಯ್ಕೆಯಲ್ಲಿ ಸ್ಪ್ರೆಡ್‌ಶೀಟ್, ಡಿಬೇಸ್ (ಡಿಬಿಎಫ್ ಫೈಲುಗಳು), ಪಠ್ಯ ಫೈಲು, ಮೈಸೀಕ್ವೆಲ್ ಸರ್ವರ್, ಬೇರೆ ಡೇಟಾಬೇಸುಗಳಿಗೆ ಸೇತುವೆಯಾಗುವ ಒಡಿಬಿಸಿ, ಜೆಡಿಬಿಸಿ ಎಲ್ಲ ಸಿಗುತ್ತವೆ. ಸ್ಪ್ರೆಡ್‌ಶೀಟ್ ಆರಿಸಿದರೆ ಒಂದೊಂದು ಹಾಳೆಯೂ ಒಂದೊಂದು ಟೇಬಲ್ ಆಗಿ ಕಾಣುತ್ತದೆ, ಹತ್ತೇ ನಿಮಿಷದ ಕೆಲಸ. ಆದರೆ ಈ ಜೋಡಣೆ ಓದುವುದಕ್ಕೆ ಮಾತ್ರ. ಬೇಸ್‌ನಿಂದ ಹಾಳೆಗೆ ಬರೆಯಲು ಆಗುವುದಿಲ್ಲ. ಎರಡು ಹಾಳೆಗಳನ್ನು ಒಂದು ಕ್ವೆರಿಯಲ್ಲಿ (ಡೇಟಾಬೇಸಿಗೆ ಹಾಕುವ ಪ್ರಶ್ನೆಯಲ್ಲಿ) ಸೇರಿಸಿ ಕೇಳುವುದಕ್ಕೂ ಆಗುವುದಿಲ್ಲ. "ಈ ಸದಸ್ಯರ ಬಳಿ ಯಾವ ಪುಸ್ತಕ ಉಂಟು" ಎಂದು ಕೇಳಲು ಆಗದ ಡೇಟಾಬೇಸ್ ಗ್ರಂಥಾಲಯಕ್ಕೆ ಎಂತಕ್ಕೆ?

ಹಾಗಾಗಿ ಎರಡನೇ ದಿನ ಆಮದು ಮಾಡಿದೆ. ಹಾಳೆಯನ್ನು ನಕಲಿಸಿ ಬೇಸ್‌ನ ಟೇಬಲ್ ವಿಭಾಗದಲ್ಲಿ ಅಂಟಿಸಿದೆ. ವಾಚನಾ ದಿನಕ್ಕೆ ಮೂರು ದಿನ ಇತ್ತು. ಪುಸ್ತಕ, ಸದಸ್ಯರು, ಎರವಲು ಎಲ್ಲ ಒಂದೇ ಕಡೆ ಬಂದವು. ನಮಗೆಲ್ಲ ಸಮಾಧಾನ.

ಆದರೆ ಮನೆಯಲ್ಲಿದ್ದ ಯುವಕ ತನ್ನ ಹಾಳೆಯಲ್ಲಿ ಟೈಪ್ ಮಾಡುವುದನ್ನು ಮುಂದುವರಿಸಿದ್ದ. ಮಾಡಬೇಡ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ತನ್ನ ಹಾಳೆಯ ಕೊನೆಯ ನಂಬ್ರದಿಂದ ಮುಂದೆ ಹೋದ, ಅಕ್ಕ ಡೇಟಾಬೇಸಿನ ಕೊನೆಯ ನಂಬ್ರದಿಂದ ಮುಂದೆ ಹೋದರು. ಎರಡೂ ಕೊನೆಯ ನಂಬ್ರ ಒಂದೇ. ಹೀಗೆ 4127 ಎಂಬ ನಂಬ್ರ ಒಂದು ಕನ್ನಡ ಕಥಾಸಂಕಲನದ ಬೆನ್ನಿಗೂ ಒಂದು ಮಲಯಾಳಂ ಪುಸ್ತಕದ ಬೆನ್ನಿಗೂ ಅಂಟಿತು. ಇದು ನಮಗೆ ಗೊತ್ತಾದ ರೀತಿ ನನಗೆ ಇಂದಿಗೂ ನೋವು ಕೊಡುತ್ತದೆ. ಆರನೇ ತರಗತಿಯ ಒಬ್ಬ ಹುಡುಗನಿಗೆ, ಅವನು ಕಣ್ಣಲ್ಲೂ ನೋಡದ ಪುಸ್ತಕ ವಾಪಸು ಕೊಡಬೇಕೆಂದು ಚೀಟಿ ಹೋಯಿತು. ತಾಯಿ ಅವನ ಕೈ ಹಿಡಿದುಕೊಂಡು ಬಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ.

ಅವರು ಹೋದ ಮೇಲೆ ಮಾಷ್ಟ್ರು ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: "ಪುಸ್ತಕ ಕಾಣೆಯಾದರೆ ಇನ್ನೊಂದು ತರುವ. ಮಗುವಿಗೆ ನಾನು ಕಳ್ಳ ಅಂತ ಅನಿಸಬಾರದು. ನೀನು ಈ ಕೆಲಸವನ್ನು ನಿಲ್ಲಿಸಿ ಮೊದಲಿಂದ ಯೋಚನೆ ಮಾಡು. ವಾಚನಾ ದಿನಕ್ಕೆ ಕೈಬರಹದ ಪಟ್ಟಿ ಸಾಕು."

ಈ ಪ್ರಕರಣದ ತಿರುವು ಇದೇ. ಗಡುವನ್ನು ಕೈಬಿಟ್ಟ ಕೂಡಲೇ ಸರಿಯಾದ ಪ್ರಶ್ನೆ ಎದುರಿಗೆ ಬಂತು.

ಯಾವ ಮಾಹಿತಿಗೆ ಯಾರು ಯಜಮಾನರು

ಆಮದು ಮತ್ತು ಜೋಡಣೆ ಬೇರೆ ಬೇರೆ ಎಂಬುದು ಪುಸ್ತಕ ಓದಿದವರಿಗೆಲ್ಲ ಗೊತ್ತು. ಆಮದು ಮಾಡಿದರೆ ಪ್ರತಿ ಹುಟ್ಟುತ್ತದೆ. ಆ ಕ್ಷಣದಿಂದ ಮೂಲಕ್ಕೂ ಪ್ರತಿಗೂ ಸಂಬಂಧ ಇಲ್ಲ. ಜೋಡಿಸಿದರೆ ಮಾಹಿತಿ ಮೂಲದಲ್ಲೇ ಇರುತ್ತದೆ, ನಮ್ಮ ತಂತ್ರಾಂಶ ಬರೀ ಕಿಟಕಿ. ಆಕ್ಸೆಸ್‌ನಲ್ಲೂ ಹೀಗೆಯೇ, ಹೊರಗಿನ ದತ್ತಾಂಶ ತರುವಾಗ "ಆಮದು" ಮತ್ತು "ಲಿಂಕ್" ಎಂದು ಎರಡು ದಾರಿ. ನಾನು ಆ ವ್ಯತ್ಯಾಸವನ್ನು ತಂತ್ರದ ವಿಷಯ ಎಂದುಕೊಂಡಿದ್ದೆ. ಅದು ಜನರ ನಡುವಿನ ಒಪ್ಪಂದದ ವಿಷಯ. ಒಂದು ಮಾಹಿತಿಯನ್ನು ಬದಲಾಯಿಸುವ ಅಧಿಕಾರ ಒಂದೇ ಕಡೆ ಇರಬೇಕು, ಆ ಕಡೆ ಯಾವುದು ಎಂಬುದು ಎಲ್ಲರಿಗೂ ಗೊತ್ತಿರಬೇಕು. ಜೋಡಣೆಗೆ ಬೇಕಾದ ಡ್ರೈವರ್ ತಂತ್ರಾಂಶ ಹಾಕುವುದಕ್ಕೆ ಮುಂಚೆ ತೀರ್ಮಾನ ಆಗಬೇಕಾದದ್ದು ಇದು.

ಮೇಜಿನ ಮೇಲೆ ಒಂದು ದೊಡ್ಡ ಕಾಗದ ಹಾಸಿ ನಾಲ್ವರೂ ಕೂತೆವು. ಎರವಲಿಗೆ ಅಕ್ಕ ಯಜಮಾನರು. ಪುಸ್ತಕದ ಮುಖ್ಯ ಪಟ್ಟಿಗೂ ಅವರೇ. ಹಳೆಯ ಡಿಬಿಎಫ್‌ಗೆ ಇನ್ನು ಯಾರೂ ಬರೆಯಬಾರದು. ಯುವಕನ ಹಾಳೆಯ ವಿಷಯದಲ್ಲಿ ಮಾತು ಬಿಗಿಯಾಯಿತು. ಹಾಳೆಯನ್ನು ನಿಲ್ಲಿಸಿ ಗ್ರಂಥಾಲಯಕ್ಕೇ ಬಂದು ಟೈಪ್ ಮಾಡಬೇಕು ಎಂದು ನಾನು ಹೇಳಿದೆ. "ನನಗೆ ಸಿಗುವುದೇ ರಾತ್ರಿ ಒಂದು ಗಂಟೆ. ಇಲ್ಲಿಗೆ ಬರಲಿಕ್ಕಾಗುವುದಿಲ್ಲ" ಎಂದ. ಅವನ ಮಾತು ಸರಿ. ಸಂಬಳವಿಲ್ಲದೆ ದುಡಿಯುವವನಿಗೆ ಸಾಫ್ಟ್‌ವೇರಿನ ಅನುಕೂಲಕ್ಕಾಗಿ ದಿನಚರಿ ಬದಲಾಯಿಸು ಎನ್ನುವುದು ನ್ಯಾಯವಲ್ಲ. ಕೊನೆಗೆ ಅಕ್ಕನೇ ದಾರಿ ತೋರಿಸಿದರು: "ತಮ್ಮ, ನೀನು 20,001ರಿಂದ ಮೇಲೆ ನಂಬ್ರ ಹಾಕು. ನನ್ನದು ಅಲ್ಲಿಯವರೆಗೆ ನನ್ನ ಜನ್ಮದಲ್ಲಿ ಹೋಗುವುದಿಲ್ಲ." ಹಾಳೆ ಹಾಗೆಯೇ ಉಳಿಯಿತು. ವಾರಕ್ಕೊಮ್ಮೆ ಅದನ್ನು ಬೇಸ್‌ಗೆ ಓದಲು ಮಾತ್ರ ಜೋಡಿಸಿ, ಹೊಸ ಸಾಲುಗಳನ್ನು ಪರಿಶೀಲಿಸಿ ಮುಖ್ಯ ಪಟ್ಟಿಗೆ ಸೇರಿಸುವುದೆಂದು ಆಯಿತು. ಮೊದಲ ದಿನ ದೋಷ ಎಂದು ಬೈದಿದ್ದ ಆ "ಓದಲು ಮಾತ್ರ" ಈಗ ನಮಗೆ ಬೇಲಿಯಾಗಿ ಒದಗಿತು.

ಸರ್ವರ್ ಹಾಕಿದ್ದು

ಮುಖ್ಯ ಪಟ್ಟಿ ಮತ್ತು ಎರವಲಿಗೆ ಮಾರಿಯಾಡಿಬಿ ಎಂಬ ಡೇಟಾಬೇಸ್ ಸರ್ವರ್ ಆರಿಸಿದೆ. ಶಾಲೆಯಿಂದ ಬಂದ ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದರಲ್ಲಿ ಸರ್ವರ್ ಕೂರಿಸಿದೆ. ಅಕ್ಕನ ಮೇಜಿನ ಕಂಪ್ಯೂಟರಿನಲ್ಲಿ ಬೇಸ್ ಬರೀ ಫಾರ್ಮು ಮತ್ತು ವರದಿಗೆ. ಇಲ್ಲಿ ಸಮಯ ತಿಂದ ಸಂಗತಿಗಳಲ್ಲಿ ಹೆಚ್ಚಿನವು ಎಲ್ಲರಿಗೂ ಎದುರಾಗುವಂಥವು, ಬೇಗ ಹೇಳಿ ಮುಗಿಸುತ್ತೇನೆ.

ಸರ್ವರ್ ತನ್ನದೇ ಯಂತ್ರದ ಕರೆಗೆ ಮಾತ್ರ ಓಗೊಡುತ್ತಿತ್ತು. ಸೆಟ್ಟಿಂಗಿನಲ್ಲಿ ವಿಳಾಸ 127.0.0.1 ಎಂದಿದ್ದರೆ ಹಾಗಾಗುತ್ತದೆ. ಅದನ್ನು ಬದಲಾಯಿಸಿ, ಸರ್ವರಿಗೆ ಕರೆ ಬರುವ ಬಾಗಿಲಾದ 3306 ಪೋರ್ಟನ್ನು ಒಳಗಿನ ಜಾಲಕ್ಕೆ ಮಾತ್ರ ತೆರೆದೆ. ಅಕ್ಕನ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ 64 ಬಿಟ್, ಜೆಡಿಬಿಸಿ ನಡೆಯಲು ಬೇಕಾದ ಜಾವಾ 32 ಬಿಟ್. ಹಾಗಾಗಿ ಜೆಡಿಬಿಸಿ ಡ್ರೈವರ್ ಎಷ್ಟು ಮಾಡಿದರೂ ಲೋಡ್ ಆಗಲಿಲ್ಲ. ಎರಡೂ 64 ಆದ ಮೇಲೆ ಆಯಿತು. ಆಕ್ಸೆಸ್ ಮತ್ತು ಒಡಿಬಿಸಿ ಬಳಸುವವರಿಗೂ ಇದೇ ಕಾಟ. ಅಲ್ಲಿ ಇನ್ನೊಂದು ಗೊಂದಲ ಕೂಡ ಇದೆ: 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿರುವ ಒಡಿಬಿಸಿ ಆಡಳಿತ ಸಾಧನ 64 ಬಿಟ್‌ನದ್ದು, 32 ಬಿಟ್‌ನದ್ದು ಸಿಸ್‌ವಾವ್64 ಎಂಬುದರಲ್ಲಿ. ಹೆಸರು ನೋಡಿ ಹೋದರೆ ದಾರಿ ತಪ್ಪುತ್ತದೆ.

ಒಂದು ಕಡೆ ಮಾತ್ರ ಎರಡು ದಿನ ಕಳೆದೆ. ಪುಸ್ತಕದ ಟೇಬಲ್ ತೆರೆದುಕೊಳ್ಳುತ್ತಿತ್ತು, ಸಾಲುಗಳು ಕಾಣುತ್ತಿದ್ದವು, ಆದರೆ ಕೊನೆಯಲ್ಲಿ ಹೊಸ ಸಾಲು ಬರೆಯುವ ಖಾಲಿ ಜಾಗವೇ ಇಲ್ಲ. ಬಳಕೆದಾರರ ಅನುಮತಿಯ ತೊಂದರೆ ಎಂದುಕೊಂಡು ಅನುಮತಿಗಳನ್ನು ಕೊಟ್ಟೆ, ತೆಗೆದೆ, ಮತ್ತೆ ಕೊಟ್ಟೆ. ಏನೂ ಬದಲಾಗಲಿಲ್ಲ. ತೊಂದರೆ ಇದ್ದದ್ದು ಟೇಬಲ್‌ನಲ್ಲೇ. ಅಂಟಿಸುವಾಗ ಪ್ರೈಮರಿ ಕೀ ಗುರುತು ಹಾಕಿರಲಿಲ್ಲ. ಯಾವ ಸಾಲು ಯಾವುದು ಎಂದು ಖಚಿತವಾಗಿ ಹೇಳುವ ಕಾಲಂ ಇಲ್ಲದಿದ್ದರೆ ಬೇಸ್ ಆ ಟೇಬಲ್ಲಿಗೆ ಬರೆಯಲು ಬಿಡುವುದಿಲ್ಲ. ಪುಸ್ತಕದ ನಂಬ್ರವನ್ನೇ ಕೀ ಮಾಡಲು ಹೋದಾಗ ಸರ್ವರ್ ಒಪ್ಪಲಿಲ್ಲ, ಒಂದೇ ನಂಬ್ರ ಎರಡೆರಡು ಸಲ ಇದೆ ಎಂದಿತು. ಆ ಹುಡುಗನಿಗೆ ಚೀಟಿ ಕಳಿಸಿದ 4127 ಅಲ್ಲೇ ಕೂತಿತ್ತು. ಅದರ ಜೊತೆ ಇನ್ನೂ ಹದಿನೈದು ನಂಬ್ರಗಳು ಸಿಕ್ಕವು. ಕೀ ಹಾಕಲು ಮೊದಲೇ ಹೊರಟಿದ್ದರೆ ಈ ಗೊಂದಲ ಬೇಗ ಕಣ್ಣಿಗೆ ಬೀಳುತ್ತಿತ್ತು.

ಅಕ್ಕನ ಬಳಕೆದಾರ ಖಾತೆಗೆ ಸೇರಿಸುವ, ತಿದ್ದುವ ಅನುಮತಿ ಇದೆ, ಅಳಿಸುವ ಅನುಮತಿ ಇಲ್ಲ. ಇದನ್ನು ಕೇಳಿಕೊಂಡವರು ಅವರೇ.

ನುಡಿ ಕಡತ

ನನಗೆ ಅತಿ ಹೆಚ್ಚು ಕಲಿಸಿದ್ದು ಆ ಹಳೆಯ ಡಿಬಿಎಫ್. ಬೇಸ್‌ನಲ್ಲಿ ಡಿಬೇಸ್ ಜೋಡಣೆ ಎಂದರೆ ಫೋಲ್ಡರ್ ತೋರಿಸುವುದು, ಒಳಗಿನ ಒಂದೊಂದು ಫೈಲೂ ಒಂದೊಂದು ಟೇಬಲ್. ಜೋಡಿಸಿದೆ. ಕನ್ನಡದ ಬದಲು ಡಬ್ಬಿ ಕೊರೆದಂಥ ಗೆರೆಗಳು, ಕಪ್ಪು ಅರ್ಧಚೌಕಗಳು ಕಂಡವು.

ಕಾರಣ ಎರಡು ಪದರದಲ್ಲಿತ್ತು. ಹಳೆಯ ನುಡಿ, ಬರಹ ಎಂಬ ಫಾಂಟುಗಳ ಅಕ್ಷರಗಳಲ್ಲಿ ಫೈಲಿನೊಳಗೆ ಕನ್ನಡ ಇರುವುದೇ ಇಲ್ಲ, ಅಕ್ಷರದ ಚೂರುಗಳಿಗೆ ಲ್ಯಾಟಿನ್ ಸಂಕೇತಗಳ ವೇಷ ಹಾಕಿರುತ್ತದೆ. "ಕನ್ನಡ" ಎಂಬ ಪದ ಅಲ್ಲಿ ಏಳು ಗುರುತು: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯ ಎ, ಬ್ರಿಟನ್ನಿನ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಅದೇ ಎ. ನುಡಿ ಫಾಂಟ್ ಹಾಕಿದರೆ ಈ ಏಳು ಸೇರಿ "ಕನ್ನಡ" ಎಂದು ಕಾಣುತ್ತವೆ. ಇದು ಒಂದು ಪದರ. ಇನ್ನೊಂದು, ಫೈಲನ್ನು ಯಾವ ಅಕ್ಷರಕೋಷ್ಟಕದಲ್ಲಿ (ಯಾವ ಸಂಖ್ಯೆಗೆ ಯಾವ ಗುರುತು ಎಂಬ ಪಟ್ಟಿಯಲ್ಲಿ) ಓದಬೇಕೆಂಬುದು. ನನ್ನ ಜೋಡಣೆ ಅದನ್ನು ಡಾಸ್ ಕಾಲದ 437 ಕೋಷ್ಟಕದಲ್ಲಿ ಓದುತ್ತಿತ್ತು. ಓರೆಗೆರೆಯ ಎ ಇರಬೇಕಾದ ಸ್ಥಾನದಲ್ಲಿ ಆ ಕೋಷ್ಟಕದಲ್ಲಿರುವುದು ಡಬ್ಬಿಯ ಮೂಲೆಗೆರೆ. ಹಾಗೆ ಓದಿದ್ದನ್ನು ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಟ್ಟರೆ ಅದು ಪೂರ್ತಿ ಹಾಳು. ಜೋಡಣೆಯ ಪ್ರಾಪರ್ಟೀಸ್‌ಗೆ ಹೋಗಿ ಅಕ್ಷರಕೋಷ್ಟಕವನ್ನು ವಿಂಡೋಸ್-1252 ಮಾಡಿದ ಮೇಲೆ ಪಿ, ಎ, ಪೌಂಡು ಸರಿಯಾಗಿ ಸಾಲಾಗಿ ಬಂದವು. ನೋಡಲು ಅದೂ ಕಸವೇ. ಆದರೆ ಅದು ಸರಿಯಾದ ಕಸ, ಅದರಿಂದ ಕನ್ನಡ ತೆಗೆಯಬಹುದು.

ಪರಿವರ್ತನೆಗೆ ನಾನೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಅರ್ಕಾವೊತ್ತು ಕಾಟ ಕೊಟ್ಟಿತು. "ವರ್ಷ" ಎಂಬಲ್ಲಿ ನುಡಿಯಲ್ಲಿ ಕ್ರಮ ವ, ಷ, ಆಮೇಲೆ ಅರ್ಕಾವೊತ್ತು. ಯುನಿಕೋಡಿನಲ್ಲಿ ರ್ ಮೊದಲು, ಷ ಆಮೇಲೆ. ನನ್ನ ಸ್ಕ್ರಿಪ್ಟ್ ಅದನ್ನು ಒಂದೇ ಚೂರಿನಷ್ಟು ಹಿಂದಕ್ಕೆ ತಳ್ಳುತ್ತಿತ್ತು. ಹಾಗಾಗಿ "ವರ್ಷ" ಸರಿಯಾಯಿತು, "ಮರ್ತ್ಯ" ಹೋಗಿ "ಮತ್ರ್ಯ" ಆಯಿತು. ಕಣ್ಣಿಗೆ ಬಿದ್ದದ್ದು ಮಾಷ್ಟ್ರಿಗೆ. ಯಂತ್ರಕ್ಕೆ ಅದು ದೋಷವೇ ಅಲ್ಲ. ರ್ ಇಡೀ ಒತ್ತಕ್ಷರದ ಆಚೆಗೆ ಹೋಗಬೇಕೆಂದು ನಿಯಮ ತಿದ್ದಿದೆ. ಅಂದಿನಿಂದ ಒಂದು ಕ್ರಮ ಇಟ್ಟುಕೊಂಡೆವು: ಪರಿವರ್ತಿಸಿದ ಶೀರ್ಷಿಕೆಯ ಪಕ್ಕದಲ್ಲೇ ಮೂಲ ಸಂಕೇತಗಳ ಕಾಲಂ ಹಾಗೆಯೇ ಇರುತ್ತದೆ. ಶನಿವಾರ ಮಧ್ಯಾಹ್ನ ಇಬ್ಬರು ಹೈಸ್ಕೂಲ್ ಹುಡುಗಿಯರು ಬರುತ್ತಾರೆ. ಒಬ್ಬಳು ಹಳೆಯ ದಾಖಲೆ ಪುಸ್ತಕದಿಂದ ಗಟ್ಟಿಯಾಗಿ ಓದುತ್ತಾಳೆ, ಇನ್ನೊಬ್ಬಳು ಪರದೆ ನೋಡಿ ಹೂಂಗುಟ್ಟುತ್ತಾಳೆ.

ಹೀಗೆ ಓದುವಾಗಲೇ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರು ಸಿಕ್ಕಿಬಿತ್ತು. ಲೇಖಕರ ಹೆಸರಿನಿಂದ ಹುಡುಕಿದರೆ ಕಪಾಟಿನಲ್ಲಿರುವ ಅವರ ಪುಸ್ತಕಗಳಲ್ಲಿ ಅರ್ಧವೂ ಬರುತ್ತಿರಲಿಲ್ಲ. ನೋಡಿದರೆ ಕಿಞ್ಞಣ್ಣ, ಕಿಂಞಣ್ಣ, ಕಿಞಣ್ಣ, ಕಿಣ್ಣಣ್ಣ ಎಂದು ನಾಲ್ಕು ಬಗೆ. ಞಕ್ಕೆ ಞ ಒತ್ತು ಟೈಪ್ ಮಾಡುವುದು ಎಲ್ಲರಿಗೂ ಸುಲಭವಲ್ಲ. ನಮ್ಮ ಜಿಲ್ಲೆಯ ಕವಿಯ ಹೆಸರು ನಮ್ಮ ಗ್ರಂಥಾಲಯದಲ್ಲೇ ನಾಲ್ಕು ಹೋಳಾಗಿತ್ತು. ಅದಕ್ಕಾಗಿ ಲೇಖಕರಿಗೆ ಬೇರೆ ಟೇಬಲ್ ಮಾಡಿದೆವು. ಹೆಸರು ಅಲ್ಲಿ ಒಂದೇ ಸಲ ಬರೆಯಬೇಕು, ಪುಸ್ತಕದ ಸಾಲಿನಲ್ಲಿ ಅದರ ನಂಬ್ರ ಮಾತ್ರ. ಮಲಯಾಳಂನಲ್ಲಿ ಇದೇ ತರಹದ ತೊಂದರೆ ಚಿಲ್ಲಕ್ಷರಗಳದ್ದು, ಅಂದರೆ ಸ್ವರವಿಲ್ಲದೆ ನಿಲ್ಲುವ ವ್ಯಂಜನಗಳದ್ದು. 2008ರ ಯುನಿಕೋಡ್ 5.1ರಲ್ಲಿ ಅವಕ್ಕೆ ಸ್ವಂತ ಸಂಕೇತ ಬಂತು, ಅದಕ್ಕೆ ಮುಂಚಿನ ರೀತಿಯಲ್ಲಿ ಟೈಪ್ ಮಾಡಿದ್ದು ನೋಡಲು ಒಂದೇ ಆದರೂ ಹುಡುಕಿದರೆ ಸಿಗುವುದಿಲ್ಲ. ಅದನ್ನು ಯುವಕ ತಾನೇ ಒಂದು ವಾರದಲ್ಲಿ ಸರಿಮಾಡಿದ.

ಈಗಿನ ಸ್ಥಿತಿ

ಸರ್ವರ್ ಹಾಕಿದ ಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಕರೆಂಟು ಹೋಗುವುದು ನಿಂತಿಲ್ಲ. ಹೋದಾಗ ಅಕ್ಕ ಟೈಪ್ ಮಾಡುತ್ತಿದ್ದ ಒಂದು ಸಾಲು ಮಾತ್ರ ಹೋಗುತ್ತದೆ. ಫಾರ್ಮಿನಲ್ಲಿ ಸಾಲು ದಾಟಿದ ಕೂಡಲೇ ಅದು ಸರ್ವರಿನ ಡಿಸ್ಕಿಗೆ ಬಿದ್ದಿರುತ್ತದೆ. ಆಗಸ್ಟಿನಲ್ಲಿ ಒಮ್ಮೆ ಮಾತ್ರ ಇಡೀ ದಿನ ಜೋಡಣೆ ಸಿಗಲಿಲ್ಲ. ಕರೆಂಟು ಹೋಗಿ ಬಂದಾಗ ರೌಟರ್ ಸರ್ವರಿಗೆ ಬೇರೆ ವಿಳಾಸ ಕೊಟ್ಟಿತ್ತು. ಈಗ ವಿಳಾಸವನ್ನು ಕಾಯಂ ಮಾಡಿದ್ದೇನೆ, ರೌಟರನ್ನೂ ಹೊಸ ಬ್ಯಾಟರಿಯ ಯುಪಿಎಸ್‌ಗೆ ಸೇರಿಸಿದ್ದೇನೆ. ರಾತ್ರಿ ಪ್ರತಿ ತೆಗೆಯುವ ವ್ಯವಸ್ಥೆ ಇದೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಬಿಚ್ಚಿ, ಕೊನೆಯ ಎರವಲು ಸರಿಯಾಗಿ ಬಂದಿದೆಯೇ ಎಂದು ಅಕ್ಕನಿಗೆ ಫೋನ್ ಮಾಡಿ ಕೇಳುತ್ತೇನೆ. ಮೊದಲ ಸಲ ಹಾಗೆ ಬಿಚ್ಚಿದಾಗ ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಗಿ ಬಂದಿತ್ತು, ಪ್ರತಿ ತೆಗೆಯುವಾಗ ಅಕ್ಷರಕೋಷ್ಟಕ ಹೇಳಿರಲಿಲ್ಲ. ಪರೀಕ್ಷಿಸದೆ ಇದ್ದಿದ್ದರೆ ಆ ಪ್ರಶ್ನೆಚಿಹ್ನೆಗಳನ್ನೇ ವರ್ಷಗಟ್ಟಲೆ ಕೂಡಿಡುತ್ತಿದ್ದೆವು.

ಆ ಹುಡುಗನ ಮನೆಗೆ ಮಾಷ್ಟ್ರು ತಾವೇ ಹೋಗಿ ತಪ್ಪು ನಮ್ಮದು ಎಂದು ಹೇಳಿ ಬಂದರು. ಅವನು ಈಗ ಶನಿವಾರದ ಓದಿಗೆ ಬರುತ್ತಾನೆ.

ಮುಗಿಯದೆ ಉಳಿದದ್ದು ಒಂದು. ಹಳೆಯ ಡಿಬಿಎಫ್‌ನಲ್ಲಿ ಶೀರ್ಷಿಕೆಯ ಕಾಲಂ 40 ಗುರುತುಗಳಷ್ಟೇ ಅಗಲ ಇತ್ತು. ನುಡಿಯಲ್ಲಿ ಒಂದು ಕ ಬರೆಯಲು ಎರಡು ಗುರುತು ಬೇಕು, ಹಾಗಾಗಿ ಉದ್ದದ ಶೀರ್ಷಿಕೆಗಳು ನಡು ಅಕ್ಷರದಲ್ಲೇ ತುಂಡಾಗಿವೆ. ಯಾವ ಪರಿವರ್ತಕವೂ ಇಲ್ಲದ್ದನ್ನು ತರಲಾರದು. ಅಂಥವುಗಳ ಪಟ್ಟಿಯನ್ನು ಅಕ್ಕ ಬಾಗಿಲ ಹತ್ತಿರ ಅಂಟಿಸಿ, ಪಕ್ಕದಲ್ಲಿ ದಾರ ಕಟ್ಟಿ ಪೆನ್ಸಿಲ್ ಇಟ್ಟಿದ್ದಾರೆ. ಪುಸ್ತಕ ಯಾರ ಕೈಗೆ ಸಿಗುತ್ತದೋ ಅವರು ಪೂರ್ತಿ ಹೆಸರು ಬರೆಯುತ್ತಾರೆ. ಕಳೆದ ವಾರ ಹೋದಾಗ 41 ಉಳಿದಿದ್ದವು.